ಡಬ್ಬದ ಹಿಂದಿನ ನಂಬರ್ – 6: ಈ 471 ಯಾರ ಕೊಬ್ಬು?

ನಮ್ಮತ್ತೆ ಹಾಸನದಲ್ಲಿ ಮನೇಲೇ ಎಗ್‌ಲೆಸ್ ಕೇಕ್ ಮಾಡಿ ಮಾರ್ತಾರೆ. ಲೆಕ್ಕ ಬರೆಯೋದು ನಾನು. ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಆರ್ಡರ್ ಕ್ಯಾನ್ಸಲ್, ಅದ್ರಲ್ಲಿ ಒಂದು ಗೃಹಪ್ರವೇಶದ್ದು. ಕಾರಣ ಒಂದು ವಾಟ್ಸಾಪ್ ಫಾರ್ವರ್ಡ್: 471 ಅಂದ್ರೆ ಹಂದಿ ಕೊಬ್ಬಂತೆ. ಅತ್ತೆ ಬಳಸೋ ಕೇಕ್ ಜೆಲ್ ಡಬ್ಬದ ಮೇಲೆ 471 ಇರೋದಂತೂ ನಿಜ.

ಮೊದಲು ಅದರ ಕೆಲಸ ನೋಡೋಣ. ಎಣ್ಣೆಗೂ ನೀರಿಗೂ ಆಗಿಬರಲ್ಲ. ಮೊಟ್ಟೆ ಕೇಕಲ್ಲಿ ಹಳದಿ ಭಾಗದ ಲೆಸಿಥಿನ್ ಎರಡನ್ನೂ ಹಿಡಿದು ನಿಲ್ಲಿಸುತ್ತೆ. ಮೊಟ್ಟೆ ಇಲ್ಲ ಅಂದ್ರೆ ಆ ಕೆಲಸಕ್ಕೆ ಬೇರೆ ಯಾರಾದ್ರೂ ಬೇಕಲ್ಲ, ಅದಕ್ಕೇ ಜೆಲ್. ಹಿಟ್ಟಲ್ಲಿ ಗಾಳಿ ನಿಲ್ಲೋದಕ್ಕೂ ಅದೇ ಬೇಕು.

471ರ ಪೂರ್ತಿ ಹೆಸರು ಮೋನೋ ಮತ್ತು ಡೈಗ್ಲಿಸರೈಡ್ಸ್. ಎಣ್ಣೆ ಇರಲಿ, ಕೊಬ್ಬಿರಲಿ, ಅದರ ಒಂದು ಅಣು ಅಂದ್ರೆ ಒಂದು ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಫ್ಯಾಟಿ ಆಸಿಡ್ ಬಾಲ. ಇದಕ್ಕೆ ಇನ್ನಷ್ಟು ಗ್ಲಿಸರಾಲ್ ಸೇರಿಸಿ, ಚೂರು ಕ್ಷಾರ ಹಾಕಿ, 200 ಡಿಗ್ರಿ ದಾಟಿಸಿ ಕಾಯಿಸಿದ್ರೆ ಬಾಲಗಳು ಮತ್ತೆ ಹಂಚಿಕೆ ಆಗ್ತವೆ. ಥೇಟ್ ನಮ್ಮ ಪಾರ್ಟ್‌ನರ್‌ಶಿಪ್ ಅಕೌಂಟ್ಸ್, ಹೊಸ ಪಾರ್ಟ್‌ನರ್ ಬಂದಾಗ ಪ್ರಾಫಿಟ್ ರೇಶಿಯೋ ಬದಲಾಗಲ್ವಾ ಹಂಗೆ! ಒಂದೇ ಬಾಲ ಉಳಿದ್ರೆ ಮೋನೋ, ಎರಡಿದ್ರೆ ಡೈ. ಬಾಲ ಎಣ್ಣೆ ಕಡೆ ಎಳೆಯುತ್ತೆ, ಖಾಲಿಯಾದ ಗ್ಲಿಸರಾಲ್ ತುದಿ ನೀರಿನ ಕಡೆ.

ಇದನ್ನ ನಾನ್‌ಅಯಾನಿಕ್ ಅಂತಾರೆ, ಅಂದ್ರೆ ವಿದ್ಯುತ್ ಚಾರ್ಜ್ ಇಲ್ಲದ್ದು. ಅದರಿಂದ ಏನು ಲಾಭ ಅಂತೀರಾ? ಸೋಪು ಚಾರ್ಜ್ ಇರೋ ಪಾರ್ಟಿ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಸಿಕ್ಕಿದ ತಕ್ಷಣ ಅದಕ್ಕೆ ಅಂಟಿಕೊಂಡು ಬಿಳಿ ಗಷ್ಟು ಆಗುತ್ತೆ, ನೊರೆ ಬರಲ್ಲ. 471ಕ್ಕೆ ಆ ತಲೆನೋವಿಲ್ಲ. ಗಡಸು ನೀರು, ಉಪ್ಪು, ನಿಂಬೆರಸ ಯಾವುದಕ್ಕೂ ಸುಲಭಕ್ಕೆ ಜಗ್ಗಲ್ಲ. ಇಂಥವನ್ನ ಅಳೆಯೋಕೆ ಅಮೆರಿಕದ ಅಟ್ಲಾಸ್ ಪೌಡರ್ ಕಂಪನಿಯ ವಿಲಿಯಂ ಗ್ರಿಫಿನ್ 1949ರಲ್ಲಿ ಎಚ್‌ಎಲ್‌ಬಿ ಅಂತ ಒಂದು ಸ್ಕೇಲ್ ಕೊಟ್ಟ, 0ಯಿಂದ 20. ನಂಬರ್ ಹೆಚ್ಚಾದಷ್ಟೂ ನೀರಿನ ಮೇಲೆ ಪ್ರೀತಿ ಜಾಸ್ತಿ. 471ರ ಬಂಧು ಗ್ಲಿಸರಾಲ್ ಮೋನೋಸ್ಟಿಯರೇಟ್ ಸುಮಾರು 3.8, ಐಸ್‌ಕ್ರೀಮಲ್ಲಿ ಕಾಣೋ ಪಾಲಿಸಾರ್ಬೇಟ್ 80 ಸುಮಾರು 15.

ಈಗ ಹಂದಿ ವಿಷಯಕ್ಕೆ ಬರೋಣ. ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅದೇ ಕಿರಿಕಿರಿ. ಆ ಬಾಲ ತಾಳೆ ಎಣ್ಣೆಯಿಂದಲೂ ಬರಬಹುದು, ಪ್ರಾಣಿ ಕೊಬ್ಬಿಂದಲೂ ಬರಬಹುದು. ಎರಡು ಕಡೆಯಿಂದ ಬಂದ್ರೂ ಸ್ಟಿಯರಿಕ್ ಆಸಿಡ್ ಒಂದೇ, 18 ಕಾರ್ಬನ್, ಚೂರೂ ವ್ಯತ್ಯಾಸ ಇಲ್ಲ. 471 ಅನ್ನೋದು ಏನು ಅಂತ ಹೇಳುತ್ತೆ, ಎಲ್ಲಿಂದ ಅಂತ ಹೇಳಲ್ಲ. ಕೆಮಿಸ್ಟ್ರಿಯವರು ಕೈ ಎತ್ತೋ ಈ ಜಾಗದಲ್ಲಿ ನಾವು ಬಿಕಾಂನವರು ಬೇಕಾಗ್ತೀವಿ ಗುರು! ಆಡಿಟಿಂಗಲ್ಲಿ ವೌಚಿಂಗ್ ಓದಿಲ್ವಾ? ಎಂಟ್ರಿ ನಂಬಬೇಡ, ಹಿಂದಿನ ಕಾಗದ ತೋರಿಸು ಅನ್ನು.

ನಮ್ಮಲ್ಲಿ ಮೊದಲ ಕಾಗದ ಅಂದ್ರೆ ಹಸಿರು ಚುಕ್ಕೆ. ಹಾಲು, ಜೇನಿನಂಥವು ಬಿಟ್ಟು ಪ್ರಾಣಿಮೂಲದ್ದು ಚೂರು ಸೇರಿದ್ರೂ ಅದನ್ನ ಹಾಕೋಹಾಗಿಲ್ಲ. ಬರೀ ಕೋಡ್ ಹಾಕಿ ಮೂಲ ಮುಚ್ಚಿಡೋದು ನಡೆಯಲ್ಲ, ಸಸ್ಯದ್ದೋ ಪ್ರಾಣಿದ್ದೋ ಹೇಳಿ ಅಂತ 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಆದೇಶ ಕೊಟ್ಟಿದೆ.

ಜೆಲ್ ಡಬ್ಬದ ಮೇಲೆ ಹಸಿರು ಚುಕ್ಕೆ ಇತ್ತು. ಆದ್ರೂ ಅತ್ತೆಗೆ ಸಮಾಧಾನ ಆಗ್ಲಿಲ್ಲ. "ನಾನು ತಿನ್ನದೇ ಇರೋದನ್ನ ಇನ್ನೊಬ್ಬರ ದೇವರ ಮನೆ ಮುಂದೆ ಹೆಂಗೋ ಇಡ್ಲಿ?" ಅಂದ್ರು. ಡೀಲರ್‌ಗೆ ನಾಲ್ಕು ಸಲ ಫೋನ್ ಮಾಡಿದ ಮೇಲೆ ಕಂಪನಿಯ ಒಂದು ಪುಟದ ಕಾಗದ ಬಂತು: ಮೂಲ ತಾಳೆ ಎಣ್ಣೆ. ಪ್ರಿಂಟ್ ತೆಗೆದು ಓವನ್ ಪಕ್ಕದ ಗೋಡೆಗೆ ಅಂಟಿಸಿದೀವಿ. ಕ್ಯಾನ್ಸಲ್ ಮಾಡಿದ ಮೂವರಿಗೂ ಫೋಟೋ ಕಳಿಸ್ದೆ. ಇಬ್ಬರು ವಾಪಸ್ ಬಂದ್ರು. ಗೃಹಪ್ರವೇಶದವರು ಬ್ಲೂ ಟಿಕ್ ಕೊಟ್ಟು ಸುಮ್ಮನಾದ್ರು.

ಮುಂದಿನ ವಾರ 322. ನಿಮ್ಮನೆ ಬಿಸ್ಕೆಟ್ ಪ್ಯಾಕೆಟ್ ತಿರುಗಿಸಿ ಇಟ್ಟಿರಿ.

#ಡಬ್ಬದಹಿಂದಿನನಂಬರ್ #ಬಿಕಾಂಕಣ್ಣು