ಅಮ್ಮನ ಪಾವು, ಅಂಗಡಿಯ ಪಾವು

ಸಂಘದ ಗೆಳೆಯರು ಇಂದಿಗೂ ನನ್ನನ್ನು ಕಂಡರೆ ‘ಗೊಜ್ಜವಲಕ್ಕಿ ಆಯ್ತೇನಯ್ಯಾ?’ ಎಂದು ಕೀಟಲೆ ಮಾಡುತ್ತಾರೆ. ಆ ಕಥೆಯನ್ನು ನಾನೇ ಬರೆದುಬಿಡುವುದು ವಾಸಿ.

ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಮುಂಬಯಿಗೆ ಓದಲು ಹೊರಟಾಗ ಅಮ್ಮ ಟ್ರಂಕಿನಲ್ಲಿ ಒಂದು ಚೀಟಿ ಇಟ್ಟಿದ್ದಳು. ಅನ್ನಕ್ಕೆ ಅಕ್ಕಿ ಒಂದು ಪಾವು, ಹುಳಿಗೆ ಬೇಳೆ ಅರ್ಧ ಪಾವು, ಗೊಜ್ಜವಲಕ್ಕಿಗೆ ಗಟ್ಟಿ ಅವಲಕ್ಕಿ ಎರಡು ಪಾವು, ನಿಂಬೆಗಾತ್ರ ಹುಣಿಸೆಹಣ್ಣು... ಹೀಗೆ. ಡೊಂಬಿವಲಿಯ ನಮ್ಮ ಕೋಣೆಗೆ ಪಾವು ಎಲ್ಲಿಂದ ಬರಬೇಕು? ಆದರೆ ಕೆಳಗಿನ ಅಂಗಡಿಯಲ್ಲಿ ದಿನವೂ ‘ಪಾವ್ ಕಿಲೋ’ ಎಂಬ ಮಾತು ಕೇಳುತ್ತಿದ್ದೆ. ಮರಾಠಿಯಲ್ಲಿ ಪಾವ್ ಎಂದರೆ ಕಾಲು. ಅಮ್ಮನ ಪಾವೂ ಅದೇ ಇರಬೇಕು ಎಂದುಕೊಂಡೆ. ಅಕ್ಕಿ ಬೇಳೆಯಲ್ಲಿ ತಪ್ಪು ಗೊತ್ತಾಗಲೇ ಇಲ್ಲ. ಅನ್ನ ನಾಲ್ಕು ತುತ್ತು ಮಿಗುತ್ತಿತ್ತು, ಅಷ್ಟೆ.

ರಾಜ್ಯೋತ್ಸವದ ದಿನ ನಾಲ್ವರು ಗೆಳೆಯರನ್ನು ಕರೆದೆ. ಅವಲಕ್ಕಿ ಎರಡು ಪಾವ್, ಅರ್ಧ ಕಿಲೋ! ತರಿಯಾಗಿ ಪುಡಿ ಮಾಡಿ ಹುಣಿಸೆ ರಸಕ್ಕೆ ಸುರಿದೆ. ರಸ ಎಲ್ಲಿ ಮಾಯವಾಯಿತೋ! ಒಣಗಿದ ಮರಳಿನಂತಿದ್ದುದನ್ನು ಬಾಯಿಗೆ ಹಾಕಿಕೊಂಡ ಒಬ್ಬ, ‘ಅವಲಕ್ಕಿ ಬಂತು, ಗೊಜ್ಜು ನಾಳೆ ಬರುತ್ತೇನಪ್ಪಾ?’ ಎಂದ.

ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ‘ಪಾವು ಅಂದ್ರೆ ಅಳೆಯೋದು ಕಣೋ, ತೂಗೋದಲ್ಲ!’ ಮುಂದಿನ ತಿಂಗಳೇ ಸೋದರಮಾವನ ಕೈಲಿ ಹಿತ್ತಾಳೆಯ ಪಾವು ಬಂತು.

ಅದನ್ನು ಅಂಗಡಿಗೇ ಒಯ್ದು, ತುಂಬಿ, ಮೇಲೆ ಸವರಿ, ಒಂದೊಂದಾಗಿ ತೂಗಿಸಿದೆ. ನೀರು ಹಿಡಿದದ್ದು ಕಾಲು ಲೀಟರ್. ಅಕ್ಕಿ ಸುಮಾರು 210 ಗ್ರಾಂ, ಕಾಲು ಕಿಲೋಗೆ ಹತ್ತಿರ. ಅದಕ್ಕೇ ನನ್ನ ತಪ್ಪು ಅಡಗಿತ್ತು. ಉಪ್ಪು 300. ಗಟ್ಟಿ ಅವಲಕ್ಕಿ ಬರೀ 100! ಕಡಲೆಪುರಿಯಂತೂ 25ರ ಆಸುಪಾಸು. ಜಾಗ ಒಂದೇ, ಕಾಳಿನ ಭಾರ ಬೇರೆ, ನಡುವೆ ಕೂರುವ ಗಾಳಿ ಬೇರೆ. ಗೋಧಿಹಿಟ್ಟಂತೂ ಜರಡಿ ಹಿಡಿದು ತುಂಬಿದರೆ ಒಂದು ತೂಕ, ಒತ್ತಿ ತುಂಬಿದರೆ ಇನ್ನೊಂದು. 1956ರಲ್ಲಿ ಕಾನೂನಾಗಿ, 1958ರಿಂದ ಹಂತಹಂತವಾಗಿ ಕಿಲೋ ಅಂಗಡಿಗಳಿಗೆ ಬಂತು. ನಮ್ಮಮ್ಮನ ಅಡಿಗೆಮನೆಗೆ ಮಾತ್ರ ಬರಲಿಲ್ಲ.

ರಜೆಗೆ ಊರಿಗೆ ಹೋದೆ. ಅಮ್ಮ ಚೊಂಬಿನಲ್ಲಿ ಅಂದಾಜು ಮಾಡಿ ಅಕ್ಕಿ ಹಾಕುತ್ತಿದ್ದಳು. ಒಂದು ದಿನ ಅನ್ನ ಮಿಕ್ಕಿ ಹಸುವಿಗೆ ಹೋಯಿತು, ಮರುದಿನ ಅವಳಿಗೇ ಸಾಲಲಿಲ್ಲ. ‘ಇನ್ನೊಂದು ಪಾವು ಎಲ್ಲಮ್ಮಾ?’ ಎಂದೆ.

‘ಇದ್ದದ್ದು ಒಂದೇ ಕಣೋ. ನಮ್ಮತ್ತೆ ಕೊಟ್ಟಿದ್ದು. ನೀನು ಉಪವಾಸ ಇರಬಾರದಲ್ಲ.’

ನನಗೆ ಗಂಟಲು ಕಟ್ಟಿತು. ಮುಂಬಯಿಗೆ ಮರಳಿ ಬಂದವನೇ ನನ್ನ ಸ್ಟೀಲ್ ಲೋಟಕ್ಕೆ ನೀರು ಅಳೆದು ನೋಡಿದೆ. ಒಂದೂಕಾಲು ಲೋಟಕ್ಕೆ ಒಂದು ಪಾವು. ಚೀಟಿಯಲ್ಲಿ ಪ್ರತಿ ಸಾಮಾನಿನ ಮುಂದೆ ಲೋಟ, ಗ್ರಾಂ ಎರಡನ್ನೂ ಬರೆದುಕೊಂಡೆ. ಮುಂದಿನ ರಜೆಯಲ್ಲಿ ಪಾವನ್ನು ಅಕ್ಕಿ ಡಬ್ಬದೊಳಗೆ ಇಟ್ಟು, ಚೀಟಿಯನ್ನು ಹೆಮ್ಮೆಯಿಂದ ಓದಿ ಹೇಳಿದೆ.

ಅಮ್ಮ ಪೂರಾ ಕೇಳಿಸಿಕೊಂಡು, ‘ಗ್ರಾಮೆಲ್ಲಾ ಸರಿ. ಎಷ್ಟು ಜನಕ್ಕೆ ಅಂತ ಬರೆದಿದ್ದೀಯಾ?’ ಎಂದಳು.

ಬರೆದಿರಲಿಲ್ಲ. ಈಗ ಬರೆದಿದ್ದೇನೆ. ಬೇಕಾದ ಗೆಳೆಯರು ಚೀಟಿ ನಕಲು ಮಾಡಿಕೊಳ್ಳಬಹುದು. ಗೊಜ್ಜವಲಕ್ಕಿಗೆ ಅವಲಕ್ಕಿ 200 ಗ್ರಾಂ, ಅಥವಾ ಎರಡೂವರೆ ಲೋಟ. ಐದು ಜನಕ್ಕೆ.