ಲಾರಿಯಿಂದ ಕಂಡ ಕಡಲಕ್ಕಿಗಳು

ಹಕ್ಕಿಗಳನ್ನು ನೋಡುತ್ತ ತಿರುಗುವುದು ಬಿಡುವೂ ದುರ್ಬೀನೂ ಉಳ್ಳವರ ಹವ್ಯಾಸವೆಂದು ನಾನು ಬಹುಕಾಲ ತಿಳಿದಿದ್ದೆ. ಹಾಸಿಗೆ, ಅಡಿಗೆಮನೆಗಳನ್ನೆಲ್ಲ ಒಳಗೊಂಡ ಮೋಟಾರು ಗಾಡಿಯಲ್ಲಿ ಕಡಲ ತೀರದುದ್ದಕ್ಕೂ ಸಂಚರಿಸುವ ವಿದೇಶೀಯರನ್ನು ಚಿತ್ರಗಳಲ್ಲಿ ಕಂಡು ಅಸೂಯೆಪಟ್ಟದ್ದೂ ಉಂಟು. ಅಂತಹುದೇ ಗಾಡಿಯೊಂದು ನಮ್ಮ ಓಣಿಯಲ್ಲಿಯೇ ಬಂದು ನಿಲ್ಲುತ್ತದೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ನಮ್ಮ ತಂದೆ ಲಾರಿ ಓಡಿಸುತ್ತಾರೆ. ಸೀಟಿನ ಹಿಂದಿನ ಹಲಗೆಯೇ ಅವರ ಹಾಸಿಗೆ. ಪುಟ್ಟ ಗ್ಯಾಸ್ ಒಲೆ, ಎರಡು ಪಾತ್ರೆಗಳೇ ಅವರ ಅಡಿಗೆಮನೆ.

ಕಳೆದ ಡಿಸೆಂಬರ್ ರಜೆಯಲ್ಲಿ ಕ್ಲೀನರ್ ತನ್ನ ಊರಿಗೆ ಹೋಗಿದ್ದ. ಹುಬ್ಬಳ್ಳಿಯಿಂದ ಮಂಗಳೂರಿಗೆ ಈರುಳ್ಳಿ ಹೊತ್ತ ಲಾರಿಯಲ್ಲಿ ಅವನ ಬದಲು ನಾನೇ ಹೊರಟೆ. ಕಾಲೇಜು ಗ್ರಂಥಾಲಯದಿಂದ ತಂದ ಸಲೀಂ ಅಲಿಯವರ ಪಕ್ಷಿಗಳ ಪುಸ್ತಕ ಚೀಲದಲ್ಲಿತ್ತು. ರಾತ್ರಿ ಅರೆಬೈಲು ಘಟ್ಟ ಇಳಿಯುವಾಗ ತಂದೆ ಮುಂದಿನ ಲಾರಿಯ ಕೆಂಪು ದೀಪದಿಂದ ದೃಷ್ಟಿ ಕೀಳದೆ, ಅದರ ಬೆನ್ನಿಗೇ ಸಾಗುತ್ತಿದ್ದರು. ನುರಿತವರ ಕ್ರಮವೇ ಹೀಗಿರಬೇಕೆಂದುಕೊಂಡೆ. ಘಟ್ಟ ಇಳಿದ ಮೇಲೆ ಲಾರಿ ನಿಲ್ಲಿಸಿ ಮಲಗಿದೆವು.

ಬೆಳಗಾದಾಗ ಕುಮಟೆಯ ದಾರಿಯಲ್ಲಿ ಅಘನಾಶಿನಿಯ ಸೇತುವೆ ಎದುರಾಯಿತು. ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಹೊಳೆ ಇದು. ಇದರ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಗಿದೆ. ನೀರು ಇಳಿದ ಕೆಸರಿನಲ್ಲಿ ಬೆಳ್ಳಕ್ಕಿಗಳು ಮೇಯುತ್ತಿದ್ದವು. ಮೇಲೆ ಬಿಳಿ ತಲೆಯ, ಕಾವಿ ರೆಕ್ಕೆಯ ಗರುಡವೊಂದು ಸುತ್ತುತ್ತಿತ್ತು.

“ಅಪ್ಪಾ, ಗರುಡ ನೋಡ್ರಿ!” ಎಂದೆ.

“ಹೂಂ, ಛಲೋ ಐತಿ” ಎಂದರು. ಅವರು ನೋಡುತ್ತಿದ್ದುದು ಬೇರೊಂದು ದಿಕ್ಕನ್ನು.

ಮರವಂತೆಯಲ್ಲಿ ಚಹಕ್ಕೆ ನಿಂತೆವು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ಮರಳಿನ ಮೇಲೆ ಕಡಲಕ್ಕಿಗಳ ಸಾಲು ಕುಳಿತಿತ್ತು. ಪುಸ್ತಕ ತೆರೆದು ನೋಡಿದೆ: ಕಂದುತಲೆಯ ಕಡಲಕ್ಕಿ. ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುವ ಅತಿಥಿ. ಹೆಸರು ಹಾಗಿದ್ದರೂ ಈ ಋತುವಿನಲ್ಲಿ ಅದರ ತಲೆ ಬಿಳಿ. ಕಣ್ಣಿನ ಹಿಂದೆ ಮಾತ್ರ ಒಂದು ಕಪ್ಪು ಬೊಟ್ಟು.

“ಎಷ್ಟ ಅದಾವ, ಎಣಸ್ರಿ ನೋಡೋಣು.”

ತಂದೆ ಕಣ್ಣು ಕಿರಿದು ಮಾಡಿ ನೋಡಿದರು. “ಅದು ನೊರಿ ಅಲ್ಲೇನೋ?”

ನನ್ನ ಎದೆ ಧಸಕ್ಕೆಂದಿತು. ಎದುರು ನಿಂತಿದ್ದ ಲಾರಿಯ ನಂಬರು ಓದಲು ಹೇಳಿದೆ. ಅವರು ಚಹದ ಲೋಟವನ್ನೇ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು.

“ಎರಡ ವರ್ಷಾತು. ಕಣ್ಣ ಕಾಣೂದಿಲ್ಲ ಅಂದ್ರ ಗಾಡಿ ಯಾರ ಕೊಡ್ತಾರ? ನಿಂದೊಂದು ಡಿಗ್ರಿ ಮುಗೀಲಿ ಅಂತಿದ್ದೆ.”

ಎರಡು ವರ್ಷ! ನಾನು ಅರ್ಥಶಾಸ್ತ್ರದ ಟಿಪ್ಪಣಿ ಬರೆಯುತ್ತ ಕುಳಿತ ರಾತ್ರಿಗಳಲ್ಲಿ ಅವರು ಪರರ ಕೆಂಪು ದೀಪ ನಂಬಿ ಘಟ್ಟ ಇಳಿದಿದ್ದರು. ಆ ದೀಪ ದಾರಿ ತಪ್ಪಿದ್ದರೆ?

ಉಳಿದ ದಾರಿಯನ್ನು ಹಗಲಿನಲ್ಲಿಯೇ, ಮೆಲ್ಲಗೆ ಸಾಗಿದೆವು. ನಾನು ಪಕ್ಕದಲ್ಲಿ ಕುಳಿತು ದಾರಿ ಹೇಳುತ್ತಿದ್ದೆ. ಮಂಗಳೂರಿನಲ್ಲಿ ಸರಕು ಇಳಿಸಿ ಕಣ್ಣಿನ ವೈದ್ಯರಲ್ಲಿಗೆ ಹೋದೆವು. ಕನ್ನಡಕದಿಂದ ಸರಿಹೋಗುವ ದೋಷವೆಂದು ಅವರು ಹೇಳಿದಾಗ ತಂದೆ ನಂಬದವರಂತೆ ನನ್ನ ಮುಖ ನೋಡಿದರು. ಪರೀಕ್ಷಾ ಶುಲ್ಕಕ್ಕೆಂದು ನನ್ನ ಬಳಿಯಿದ್ದ ಹಣ ಕನ್ನಡಕಕ್ಕೆ ಹೋಯಿತು. ಅದು ಕೈಸೇರಿದ ಮೇಲೆಯೇ, ಮರುದಿನ ಹೊರಟೆವು.

ಮರವಂತೆಯಲ್ಲಿ ಅವರೇ ಲಾರಿ ನಿಲ್ಲಿಸಿದರು. ನಾನು ಎಣಿಸಿ, “ಮೂವತ್ತೊಂದು” ಎಂದೆ.

“ಮೂವತ್ತೆರಡು. ಒಂದು ನೀರಾಗ ತೇಲಾಕತ್ತೈತಿ, ನೋಡು.”

ನೋಡಿದೆ. ನಿಜವಾಗಿತ್ತು.

ಈ ವರ್ಷ ದಂಡದೊಡನೆ ಶುಲ್ಕ ಕಟ್ಟಿದವರಲ್ಲಿ ನಾನೂ ಒಬ್ಬ. ಕಾರಣ ಕೇಳಿದ ಗುರುಗಳಿಗೆ ಅಂದು ಉತ್ತರ ಕೊಡಲಾಗಲಿಲ್ಲ. ‘ನಿಮ್ಮ ತಂದೆ ಏನು ಮಾಡುತ್ತಾರೆ?’ ಎಂದ ಗೆಳೆಯರಿಗೂ ಮೂರು ವರ್ಷ ಹಾರಿಕೆಯ ಮಾತನ್ನೇ ಆಡಿದ್ದೆ. ಇಬ್ಬರಿಗೂ ಇದೇ ನನ್ನ ಉತ್ತರ.