ಬಿಂದುವಿನ ಬಲಗಡೆಯ ಅಂಕೆ

ಖಾನಾಪುರ ತಾಲ್ಲೂಕಿನ ಕಣಕುಂಬಿ ಮಲಪ್ರಭೆಯ ಉಗಮಸ್ಥಾನ. ಸಹ್ಯಾದ್ರಿಯ ಈ ನೆತ್ತಿಯ ಮೇಲೆ ಬಿದ್ದ ಮಳೆಯ ಒಂದು ಪಾಲು ಮಲಪ್ರಭೆಯಾಗಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಇನ್ನೊಂದು ಪಾಲು ಕಳಸಾ ಹಳ್ಳವಾಗಿ ಮಹದಾಯಿಯನ್ನು ಕೂಡಿ ಪಶ್ಚಿಮ ಸಮುದ್ರಕ್ಕೆ ಹೋಗುತ್ತದೆ. ಮಹದಾಯಿಯ ನೀರಿನ ಹಂಚಿಕೆಯ ಬಗ್ಗೆ ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ತೀರ್ಪು ನೀಡಿತು. ರಾಜ್ಯಗಳು ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವು. ಆ ವ್ಯಾಜ್ಯದ ಚರ್ಚೆ ಬೇರೆ. ಇಲ್ಲಿ ಗಮನಿಸತಕ್ಕದ್ದು ಅದರ ಅಂಕೆಗಳನ್ನು ಮಾತ್ರ.

ಕರ್ನಾಟಕಕ್ಕೆ ದೊರೆತದ್ದು ಒಟ್ಟು 13.42 ಟಿಎಂಸಿ. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಮಹದಾಯಿ ಕಣಿವೆಯೊಳಗಿನ ಬಳಕೆಗೆ 1.50, ವಿದ್ಯುತ್ ಉತ್ಪಾದನೆಗೆ 8.02. ಈ ನಾಲ್ಕನ್ನು ಗಣಕಯಂತ್ರದ ಸ್ಪ್ರೆಡ್‌ಶೀಟಿನಲ್ಲಿ ಒಂದರ ಕೆಳಗೊಂದು ಬರೆದು ಮೊತ್ತ ಹಾಕಿದರೆ 13.42 ಬರುತ್ತದೆ. ಬಳಿಕ ಓದಲು ಸುಲಭವಾಗಲೆಂದು ದಶಮಾಂಶ ಸ್ಥಾನಗಳನ್ನು ಮರೆಮಾಡಿದರೆ ಪರದೆಯ ಮೇಲೆ 2, 2, 2, 8 ಎಂದು ಕಾಣುತ್ತದೆ. ಕೆಳಗೆ ಮೊತ್ತ 13 ಎಂದಿರುತ್ತದೆ. ಬೆರಳೆಣಿಸಿ ಕೂಡಿದ ಬಾಲಕನಿಗೆ ಹದಿನಾಲ್ಕು ಬರುತ್ತದೆ. ಯಂತ್ರ ತಪ್ಪಿತೇ, ಬಾಲಕ ತಪ್ಪಿದನೇ?

ಇಬ್ಬರೂ ತಪ್ಪಿಲ್ಲ. ಯಂತ್ರವು ಮನಸ್ಸಿನಲ್ಲಿ ಇಟ್ಟುಕೊಂಡದ್ದು 1.72, ಬಾಯಲ್ಲಿ ಹೇಳಿದ್ದು 2. ಕೂಡುವಾಗ ಅದು ಮನಸ್ಸಿನ ಅಂಕೆಯನ್ನು ಕೂಡುತ್ತದೆ, ಬಾಯಿಯ ಅಂಕೆಯನ್ನಲ್ಲ. ಮರೆಮಾಡಿದ ಅಂಕೆ ಅಳಿದುಹೋಗುವುದಿಲ್ಲ. ಓದುವವನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಇಷ್ಟು ಸಣ್ಣ ಅಂಕೆಗೆ ಇಷ್ಟು ಚಿಂತೆ ಏಕೆ ಎನ್ನಬಹುದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಬಿಂದುವಿನ ನಂತರದ ಎರಡನೆಯ ಸ್ಥಾನದಲ್ಲಿರುವ ಒಂದೇ ಒಂದು ಅಂಕೆಯ ಬೆಲೆ ಒಂದು ಕೋಟಿ ಘನ ಅಡಿ, ಎಂದರೆ ಸುಮಾರು 28.3 ಕೋಟಿ ಲೀಟರ್. ಜಲಜೀವನ ಯೋಜನೆಯು ತಲೆಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಆ ಲೆಕ್ಕದಂತೆ 0.01 ಟಿಎಂಸಿ ಸುಮಾರು ಹದಿನಾಲ್ಕು ಸಾವಿರ ಜನರ ಒಂದು ವರ್ಷದ ನೀರು. ಚಿಕ್ಕದಾಗಿ ಬರೆದ ಮಾತ್ರಕ್ಕೆ ವಸ್ತು ಚಿಕ್ಕದಾಗದು.

ನೀರಿನ ಮಾತು ಹಣಕ್ಕೂ ಸಲ್ಲುತ್ತದೆ. ಬಸದಿಯೊಂದರ ಖಜಾಂಚಿಯು ಸಾವಿರ ರೂಪಾಯಿಯ ಕಾಣಿಕೆಯನ್ನು ಪೂಜೆ, ಆಹಾರದಾನ, ಶಾಸ್ತ್ರದಾನ ಎಂಬ ಮೂರು ಬಾಬುಗಳಿಗೆ ಸಮನಾಗಿ ಹಂಚಬೇಕಾಗಿದೆ ಎನ್ನೋಣ. ಸ್ಪ್ರೆಡ್‌ಶೀಟಿನಲ್ಲಿ ಮೂರು ಕಡೆಯೂ 333.33 ಕಾಣುತ್ತದೆ, ಮೊತ್ತ 1000.00. ವಾರ್ಷಿಕ ಸಭೆಯಲ್ಲಿ ವೃದ್ಧ ಶ್ರಾವಕರೊಬ್ಬರು ಪೆನ್ಸಿಲಿನಿಂದ ಕೂಡಿ 999.99 ಎನ್ನುತ್ತಾರೆ. ಕಳೆದುಹೋದ ಆ ಒಂದು ಪೈಸೆ ಎಲ್ಲಿ?

ಹಳೆಯ ಕಡತಗಳಲ್ಲಿ ಈ ಪ್ರಶ್ನೆ ಬೇರೆ ರೀತಿಯದಾಗಿತ್ತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಟ್ಟು 192 ಪೈ. ಅದರ ಮೂರನೆಯ ಒಂದು ಭಾಗ ಐದಾಣೆ ನಾಲ್ಕು ಪೈ, ಶೇಷವಿಲ್ಲ. 1957ರ ಏಪ್ರಿಲ್ 1ರಂದು ನೂರು ನಯೇಪೈಸೆಯ ರೂಪಾಯಿ ಬಂದಿತು. ಗುಣಾಕಾರ ಸುಲಭವಾಯಿತು, ಮೂರರಿಂದ ಭಾಗಿಸಿದಾಗ ಮಾತ್ರ ಒಂದು ಪೈಸೆ ಉಳಿಯತೊಡಗಿತು. ಭಿನ್ನರಾಶಿಗಳ ಈ ಸ್ವಭಾವವನ್ನು ಕನ್ನಡನಾಡಿನ ಜೈನರು ಬಹು ಹಿಂದೆಯೇ ಬಲ್ಲರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನಗಳಿಗೆಂದೇ ‘ಕಲಾಸವರ್ಣ’ ಎಂಬ ಪ್ರಕರಣವಿದೆ. ಒಂದನ್ನು ಏಕಾಂಶ ಭಿನ್ನಗಳಾಗಿ ಒಡೆಯುವ ಕ್ರಮ ಅಲ್ಲಿದೆ. ಅದರಂತೆ ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಸೇರಿದರೆ ಪೂರ್ತಿ ಒಂದಾಗುತ್ತದೆ. ಒಡೆದದ್ದೆಲ್ಲವೂ ಮತ್ತೆ ಕೂಡಿಬರಬೇಕು, ಏನೂ ಕಾಣೆಯಾಗಬಾರದು.

ಕಾಣೆಯಾಗಲು ಬಿಟ್ಟರೆ ಏನಾಗುವುದೆಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಉದಾಹರಣೆಯಿದೆ. ಅದರ ಸೂಚ್ಯಂಕವು 1982ರ ಜನವರಿಯಲ್ಲಿ 1000ದಿಂದ ಆರಂಭವಾಯಿತು. ಪ್ರತಿ ಸಲ ಲೆಕ್ಕ ಮಾಡಿದಾಗಲೂ ಮೂರನೆಯ ದಶಮಾಂಶದ ಮುಂದಿನದನ್ನು ಸುಮ್ಮನೆ ಕತ್ತರಿಸಲಾಗುತ್ತಿತ್ತು. 1983ರ ನವೆಂಬರ್ ಹೊತ್ತಿಗೆ ಅದು 524ರ ಆಸುಪಾಸಿಗೆ ಇಳಿದಿತ್ತು; ಸರಿಪಡಿಸಿದಾಗ ನಿಜವಾದ ಬೆಲೆ 1098ಕ್ಕಿಂತ ಹೆಚ್ಚೆಂದು ತಿಳಿಯಿತು. ಯಾರೂ ಕದ್ದಿರಲಿಲ್ಲ. ಆದರೆ ಪ್ರತಿ ಸಲವೂ ಒಂದೇ ಕಡೆಗೆ ತೂಗಿದ ಪ್ರಮಾದವು ಅರ್ಧದಷ್ಟನ್ನು ನುಂಗಿತು.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೂ ಒಂದೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಕೊಡುವಾಗ ಕಿರಿದು, ಕೊಳ್ಳುವಾಗ ಹಿರಿದು ಅಳೆಯುವುದು ಅದರ ಅರ್ಥ. ಸೇರು, ತಕ್ಕಡಿಗಳ ಕಾಲದ ಈ ಮಾತು ಗಣಕಯಂತ್ರದ ಪರದೆಗೂ ಅನ್ವಯಿಸುತ್ತದೆ. ವೆಚ್ಚವನ್ನು ಮೇಲಕ್ಕೂ ಬಡ್ಡಿಯನ್ನು ಕೆಳಕ್ಕೂ ಪೂರ್ಣಾಂಕ ಮಾಡುವ ರೂಢಿಯು ಸುಳ್ಳು ಸೇರೇ ಆಗಿದೆ. ಕೈ ಕದಿಯಲಿಲ್ಲವೆಂಬ ಸಮಾಧಾನ ಅಲ್ಲಿ ಸಾಲದು.

ಪರಿಹಾರ ಕಠಿಣವಲ್ಲ. ಅಂಕೆಯನ್ನು ಮರೆಮಾಡುವ ಬದಲು, ಪೈಸೆಯಲ್ಲಿ ಪಾವತಿಯಾಗುವ ಪ್ರತಿ ಮೊಬಲಗನ್ನೂ ‘ರೌಂಡ್’ ಸೂತ್ರದಿಂದ ಎರಡು ಸ್ಥಾನಕ್ಕೆ ನಿಜವಾಗಿ ಪೂರ್ಣಗೊಳಿಸಬೇಕು. ಆಗ ಕಂಡದ್ದೂ ಕೂಡಿದ್ದೂ ಒಂದೇ ಆಗುತ್ತದೆ. ಉಳಿದ ಪೈಸೆಯನ್ನು ಒಂದು ಬಾಬಿಗೆ ಸೇರಿಸಿ 333.34 ಎಂದು ಬರೆದು, ಯಾವ ಬಾಬಿಗೆ, ಏಕೆ ಎಂಬುದನ್ನು ಬದಿಯಲ್ಲಿ ನಮೂದಿಸಬೇಕು. ನೀರಿನ ಪಟ್ಟಿಯಂತಹ ಕಡೆ ಸ್ಥಾನಗಳನ್ನು ಕಡಿಮೆ ಮಾಡಲೇಬೇಕಾದರೆ, ಪೂರ್ಣಾಂಕದ ಕಾರಣ ಮೊತ್ತ ಹೊಂದದಿರಬಹುದೆಂದು ಕೆಳಗೆ ಒಂದು ಸಾಲು ಬರೆದರೆ ಸಾಕು.

ಕಾಣಿಕೆ ಕೊಟ್ಟವನು ಆ ಒಂದು ಪೈಸೆಯನ್ನು ಕೇಳಲು ಬರಲಾರ. ಅವನು ಕೇಳುವುದಿಲ್ಲವೆಂದೇ ಲೆಕ್ಕ ಬರೆಯುವವನು ಅದನ್ನು ಹೇಳಬೇಕು. ಪೆನ್ಸಿಲು ಹಿಡಿದು ಕೂಡುವ ವೃದ್ಧರ ಎದುರು ನಾಚದೆ ನಿಲ್ಲಬಲ್ಲ ಕಡತವೇ ಶುದ್ಧವಾದ ಕಡತ.